ಪಚ್ಚೆಯೊಳಗಿನ ಕಣ್ಣು

"ನೋಡಿ, ಮುಟ್ಟಿ, ಬೇಕಾದ್ರೆ ಮೂಸಿ. ಬೆಲೆ ಮಾತ್ರ ಬಾಯಲ್ಲಿ ಆಡ್ಬ್ಯಾಡಿ ಅಯ್ಯ," ಎಂದಳು ಮುದುಕಿ ಶೇಷಮ್ಮ.

ಶ್ರೀಕೃಷ್ಣ ನಕ್ಕುಬಿಟ್ಟ. ಮೈಸೂರಿನಿಂದ ಬಂದು ಸಾಗರದ ಪೇಟೆಯಲ್ಲಿ ರತ್ನಪರೀಕ್ಷೆಗೆ ಕೂತು ಅವನಿಗೆ ಎರಡು ತಿಂಗಳಾಗಿತ್ತಷ್ಟೆ. ಬೆಲೆ ಹೇಳಲೆಂದೇ ಕರೆಸಿ, ಬೆಲೆ ಹೇಳಬೇಡ ಎನ್ನುವ ಮನೆಯನ್ನು ಅವನು ಕಂಡಿರಲಿಲ್ಲ.

ಅರವತ್ನಾಲ್ಕರ ಮಳೆಗಾಲದಲ್ಲಿ ಲಿಂಗನಮಕ್ಕಿಯ ಹಿನ್ನೀರು ಆ ಊರಿನ ಗದ್ದೆಗಳನ್ನು ನುಂಗಿ ಮನೆಗಳತ್ತ ಏರುತ್ತಿತ್ತು. ಶೇಷಮ್ಮನ ಮನೆಯ ಹೆಂಚು ಇಳಿಸಿ ಆಗಿತ್ತು. ಬರಿಯ ತೊಲೆಗಳ ನಡುವಿನಿಂದ, ಮಳೆ ಬಿಟ್ಟ ನಡುಹಗಲಿನ ಬಿಸಿಲು ಜಗಲಿಗೆ ಸುರಿಯುತ್ತಿತ್ತು. ಎಲ್ಲೆಲ್ಲೂ ಕೊಳೆತ ಹುಲ್ಲಿನ ನಾತ. ಹಿರಿಮಗ ಬೆಳ್ಳಪ್ಪ ಸತ್ತು ವರ್ಷವಾಗಿತ್ತು. ಊರು ಬಿಡುವ ಮೊದಲು ಅವನ ಹೆಂಡತಿ ಪುಷ್ಪಮ್ಮನಿಗೂ ತಮ್ಮ ಧರ್ಮಪ್ಪನಿಗೂ ಪಾಲಾಗಬೇಕಿತ್ತು. ಪಾತ್ರೆ, ದನ, ಎಲ್ಲ ಮುಗಿದು ಈ ಪಚ್ಚೆ ಉಂಗುರ ಉಳಿದಿತ್ತು. ಮಾರಿ ಅರ್ಧರ್ಧ ಹಂಚಿಕೊಳ್ಳುವುದೆಂದು ಧರ್ಮಪ್ಪ ಒಪ್ಪಿದ್ದ. ಈಗ ಅವನು ಹೊರಗೆ ಗಾಡಿಗೆ ಹೆಂಚು ಹೇರುತ್ತಿದ್ದ.

"ಹೇಳಿದ್ರೆ ಏನಾಗುತ್ತಜ್ಜಿ?"

ಶೇಷಮ್ಮ ದನಿ ತಗ್ಗಿಸಿದಳು. "ನಮ್ಮ ಮನೆ ಹಿರೀಕ ಇದನ್ನ ಗಾಜು ಅಂತ ಸುಳ್ಳು ಹೇಳಿ, ಹಸಿದು ಬಂದ ಬಾಣಂತಿ ಹತ್ರ ಒಂದು ಸೇರು ಅಕ್ಕಿಗೆ ಕಿತ್ಕಂಡಿದ್ದ. ಈ ಮನೆಗೆ ಇದು ಗಾಜಾಗೇ ಉಳೀಲಿ ಅಂತ ಅವಳು ಮಾಟ ಮಾಡ್ಸಿದ್ಲು. ನಿಜವಾದ ಬೆಲೆ ಹೇಳಿದವ್ರ ಕಣ್ಣಿನ ಬೆಳಕು ಕಲ್ಲಿಗೆ ಹೋಗ್ತದೆ. ಮಾರೋಕೆ ಹೋಗಿ ಬೆಲೆ ಹೇಳಿದ ಅವನದ್ದು ಹೋಯ್ತು. ಕೋಣಂದೂರಿನ ಅಕ್ಕಸಾಲಿದೂ ಹೋಯ್ತು."

"ಪೊರೆ ಬಂದಿರುತ್ತೆ. ಅದಕ್ಕೆ ಮಾಟ ಯಾಕೆ?"

ಅವನು ಬಿಸಿಲಿಗೆ ತಿರುಗಿ ಕಣ್ಣಿಗೆ ಮಸೂರ ಒತ್ತಿದ. ಕಲ್ಲಿನೊಳಗೆ ಪಾಚಿಯಂಥ ಎಳೆಗಳು. ಅಪ್ಪಟ ಪಚ್ಚೆ! ಇಂಥದ್ದನ್ನು ಅವನು ಅರಮನೆಯವರ ಬೆರಳಲ್ಲಿ ಮಾತ್ರ ನೋಡಿದ್ದ.

"ಐದು ಸಾವಿರಕ್ಕೆ ಕಡಿಮೆಯಿಲ್ಲ," ಎಂದು ಉಸುರಿದ.

ಅವನ ಕಿವಿಯಲ್ಲಿ ಹೊರಗಿನ ಹೆಂಚಿನ ಸದ್ದು ನಿಂತುಹೋಯಿತು. ಸುಟ್ಟ ಕೂದಲಿನ ವಾಸನೆ ಮೂಗಿಗೆ ಅಡರಿತು. ಕಲ್ಲಿನೊಳಗಿನ ಎಳೆಗಳು ಅಲುಗಿದವು. ಎಳೆಗಳಲ್ಲ. ರೆಪ್ಪೆಗಳು. ಒಂದು ತೆರೆಯಿತು. ಇನ್ನೊಂದು. ನಾಲ್ಕು ಕಣ್ಣು, ಒದ್ದೆಯಾಗಿ, ಅವನನ್ನೇ ನೋಡುತ್ತಿದ್ದವು. ಅವುಗಳ ನಡುವೆ ಐದನೆಯದು ಮೂಡಿತು. ಅದರ ಗುರುತು ಅವನಿಗಿತ್ತು. ಅದು ಅವನದೇ.

ಎಡಗಣ್ಣು ನಂದಿತು. ಬಲಗಣ್ಣಿನಲ್ಲಿ ಬಿಸಿಲು ಹಸಿರಾಯಿತು. ಹಸಿರು ಕಪ್ಪಾಗತೊಡಗಿತು. ಅವನು ಕಿರುಚಿದ.

"ಮಾತು ಹಿಂದೆ ತಗಳಿ! ಗಾಜು ಅನ್ನಿ!" ಶೇಷಮ್ಮ ಅವನ ಭುಜ ಹಿಡಿದು ಅಲುಗಾಡಿಸಿದಳು.

"ಗಾಜು! ಬರೀ ಗಾಜು!"

ಬಲಗಣ್ಣಿಗೆ ಬಿಸಿಲು ಮರಳಿತು. ಎಡಗಣ್ಣಿಗೆ ಮರಳಲಿಲ್ಲ.

ಕೂಗಾಟ ಕೇಳಿ ಧರ್ಮಪ್ಪ ಒಳಬಂದ. "ಗಾಜಾ? ಥೂ, ಇಷ್ಟಕ್ಕಾ!" ಉಂಗುರವನ್ನು ಬಾಗಿಲ ಮರೆಯಲ್ಲಿದ್ದ ಪುಷ್ಪಮ್ಮನ ಕಡೆ ಎಸೆದ. "ತಗಳಿ ಅತ್ತಿಗೆ, ಅರ್ಧ ಎಂತಕ್ಕೆ, ಪೂರ್ತಿ ನಿಮಗೇ ಇರ್ಲಿ."

ನಿಜ ಹೊರಬೀಳದಂತೆ ಶೇಷಮ್ಮ ಬಾಯಿಗೆ ಸೆರಗು ತುರುಕಿಕೊಂಡು ಗೋಡೆಯತ್ತ ತಿರುಗಿದಳು.

ಗೋಡೆ ಹಿಡಿದು ಅಂಗಳಕ್ಕಿಳಿದ ಶ್ರೀಕೃಷ್ಣನ ಹಿಂದೆಯೇ ಪುಷ್ಪಮ್ಮ ಬಂದಳು. "ಅಣ್ಣಾ, ಮೊದ್ಲು ನೀವು ಬೇರೆ ಎಂತದೋ ಹೇಳಿದ್ರಿ. ನಂಗೆ ಸರಿಯಾಗಿ ಕೇಳ್ಲಿಲ್ಲ. ಈಗ ಇದು ನಂದೇ. ನಿಜ ಹೇಳಿ. ಮಾರಿದ್ರೆ ಎಲ್ಲಾದ್ರೂ ಒಂದು ಗುಡಿಸಲು ಹಾಕ್ಕಂತೀನಿ."

ಒಂದೇ ಮಾತು. ಅವಳ ಬಾಳು ಹಸನಾಗುತ್ತಿತ್ತು.

"ಅದು..." ಎಂದ. ಸುಟ್ಟ ಕೂದಲಿನ ವಾಸನೆ. ಬಲಗಣ್ಣಿನ ಅಂಚಿಗೆ ಹಸಿರು ಹತ್ತಿತು.

"ಗಾಜು ತಾಯಿ," ಎಂದು ಓಡುನಡಿಗೆಯಲ್ಲಿ ಹೊರಟುಬಿಟ್ಟ.

ಮರುವರ್ಷದ ಬೇಸಿಗೆಯಲ್ಲಿ ತಾಳಗುಪ್ಪದ ರಸ್ತೆಯಲ್ಲಿ ಟಾರು ಹಾಕುವ ಕೆಲಸ ನಡೆದಿದ್ದರಿಂದ ಶ್ರೀಕೃಷ್ಣ ಕೂತಿದ್ದ ಬಸ್ಸು ನಿಂತಿತು. ಕಿಟಕಿಯ ಕೆಳಗೇ ಹೆಂಗಸೊಬ್ಬಳು ಕೂತು ಜಲ್ಲಿ ಒಡೆಯುತ್ತಿದ್ದಳು. ದೂಳು ಮೆತ್ತಿದ ಬೆರಳಲ್ಲಿ ಪಚ್ಚೆ ಉಂಗುರ. ಶ್ರೀಕೃಷ್ಣ ಮುಖ ತಿರುಗಿಸುವಷ್ಟರಲ್ಲಿ ಅವಳು ತಲೆಯೆತ್ತಿದಳು.

"ಅಣ್ಣಾ, ನೀವಾ! ಕಣ್ಣು ಹೆಂಗಿದೆ?"

"ಒಂದು... ಉಳಿದಿದೆ."

"ಅಷ್ಟಾದ್ರೂ ಉಳೀತಲ್ಲ, ಪುಣ್ಯ," ಎಂದು ಪುಷ್ಪಮ್ಮ ಮತ್ತೆ ಸುತ್ತಿಗೆ ಎತ್ತಿದಳು.