ಕಪ್ಪು ಮೊಲದ ಕಂದು ಮರಿ

ಚಳಿಗಾಲ ಆಗಷ್ಟೇ ಕಾಲಿಟ್ಟಿತ್ತು. ಬಡಗಿ ಮಾವ ಕೊಟ್ಟಿಗೆಯ ಬಾಗಿಲಿಗೆಂದು ಹಲಗೆಯೊಂದನ್ನು ಉಜ್ಜುಗೊರಡಿನಿಂದ ನುಣುಪು ಮಾಡುತ್ತಿದ್ದರು.

"ಮಾವ, ಮರಿ ತಂದಿದೀನಿ. ನಿಮ್ಮ ಪಾಲಿಂದು ಆರಿಸ್ಕೊಳ್ಳಿ," ಎಂದಳು ಪುಟ್ಟ ಹುಡುಗಿ ಗುಬ್ಬಿ. ಅವಳ ಬುಟ್ಟಿಯಲ್ಲಿ ಐದು ಕಪ್ಪು ಮರಿ, ಒಂದು ಕಂದು ಮರಿ ಒಂದರ ಮೇಲೊಂದು ಬಿದ್ದುಕೊಂಡಿದ್ದವು.

ಮೊಲ ಸಾಕುವವರಲ್ಲಿ ಒಂದು ಪದ್ಧತಿ ಇತ್ತು. ಜೋಡಿ ಮಾಡಲು ಗಂಡು ಮೊಲ ಕೊಟ್ಟವರೇ ಮರಿಗಳಲ್ಲಿ ಮೊದಲು ಒಂದನ್ನು ಆರಿಸಿಕೊಳ್ಳಬೇಕು. ಮಾವನ ಗಂಡು ಇದ್ದಿಲಿನಂಥ ಕಪ್ಪು. ಗುಬ್ಬಿಯ ಹೆಣ್ಣೂ ಅಷ್ಟೇ ಕಪ್ಪು.

ಮಾವ ಬುಟ್ಟಿಯ ಕಡೆ ನೋಡಲೂ ಇಲ್ಲ; ಕಂದು ಮರಿಯ ಸುದ್ದಿ ಅವರಿಗೆ ನಿನ್ನೆಯೇ ತಲುಪಿತ್ತು. "ನಂಗೆ ಬೇಡ. ಇವು ನನ್ನ ಗಂಡಿನ ಮರಿಗಳಲ್ಲ. ಕಪ್ಪಿಗೆ ಕಪ್ಪು ಸೇರಿದ್ರೆ ಕಂದು ಎಲ್ಲಿಂದ ಬರತ್ತೆ? ಸೈಕಲ್ ಶಾಪಿನವನ ಕಂದು ಮೊಲದ ಹತ್ರ ಬಿಟ್ಟಿದೀಯ."

"ಬಿಟ್ಟಿಲ್ಲ ಮಾವ! ಗೂಡಿನ ಚಿಲಕ ಹಾಕೋಳು ನಾನೇ."

"ನಿಮ್ಮಪ್ಪನ ಹತ್ರ ನಿನ್ನೆನೇ ಹೇಳಿದೆ, ನಿನ್ನ ಮಗಳು ಸುಳ್ಳು ಹೇಳ್ತಾಳೆ ಅಂತ."

ಆ ‘ಸುಳ್ಳು’ ನಿನ್ನೆಯಿಂದ ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಮರಿ ಬೇಡವಾದರೆ ಬಿಡಲಿ, ಆ ಮಾತು ಮಾತ್ರ ವಾಪಸ್ ಆಗಬೇಕು. ಅದಕ್ಕೇ ಹತ್ತನೇ ಕ್ಲಾಸಿನ ಅಕ್ಕನನ್ನು ಕಾಡಿ ಬೇಡಿ ಪಾಠ ಹೇಳಿಸಿಕೊಂಡು ಬಂದಿದ್ದಳು.

"ಪೆನ್ಸಿಲ್ ಕೊಡಿ ಮಾವ."

ಮಾವ ಗೊಣಗುತ್ತಲೇ ಕಿವಿಯ ಸಂದಿಯಿಂದ ಚಪ್ಪಟೆ ಪೆನ್ಸಿಲ್ ತೆಗೆದುಕೊಟ್ಟರು.

"ಬಣ್ಣಕ್ಕೆ ಜೀನ್ ಅಂತ ಇರತ್ತೆ. ಪ್ರತಿ ಮೊಲಕ್ಕೂ ಎರಡು. ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಕಪ್ಪಿಗೆ ದೊಡ್ಡ B, ಕಂದಿಗೆ ಚಿಕ್ಕ b. ದೊಡ್ಡದು ಒಂದಿದ್ರೂ ಸಾಕು, ಮೊಲ ಕಪ್ಪೇ. ಅದು ಪ್ರಬಲ, ಚಿಕ್ಕದು ದುರ್ಬಲ. ನಿಮ್ಮ ಗಂಡು Bb."

"ಏನಂದೆ? ನನ್ನ ಗಂಡು ದುರ್ಬಲಾನಾ? ಗೂಡಿನ ಹಲಗೆನೇ ಕಡಿದು ಹಾಕಿದಾನೆ, ಹೋಗಿ ನೋಡು!"

"ಮೊಲ ಅಲ್ಲ ಮಾವ, ಅದರೊಳಗಿರೋ ಕಂದು. ಕಾಣಲ್ಲ, ಅಡಗಿರತ್ತೆ ಅಷ್ಟೆ."

ಗುಬ್ಬಿ ಒಂದು ತುಂಡು ಹಲಗೆಯ ಮೇಲೆ ನಾಲ್ಕು ಮನೆ ಎಳೆದಳು. ಮೇಲೆ ಮಾವನ ಗಂಡಿಗೆ B, b. ಪಕ್ಕದಲ್ಲಿ ತನ್ನ ಹೆಣ್ಣಿಗೆ B, B. ಅಕ್ಷರಗಳನ್ನು ಕೂಡಿಸಿ ಒಂದೊಂದೇ ಮನೆ ತುಂಬಿದಳು. BB, Bb, BB, Bb.

ಮಾವ ಬಗ್ಗಿ ನೋಡಿದರು. ಕೂದಲೆಳೆಯಷ್ಟು ಅಳತೆ ತಪ್ಪಿದರೂ ಬಿಡದ ಕಣ್ಣು ಅದು. "ಎಲ್ಲಾದ್ರಲ್ಲೂ ದೊಡ್ಡದು ಇದೆಯಲ್ಲ! ಕಂದು ಎಲ್ಲಮ್ಮಾ?"

ಗುಬ್ಬಿಯ ಕಿವಿ ಬಿಸಿಯಾಯಿತು. ಮತ್ತೆ ನೋಡಿದಳು. ಕಂದು ಬರಬೇಕಾದರೆ ಎರಡೂ ಚಿಕ್ಕವೇ ಸೇರಬೇಕು. ಒಂದು ಅಪ್ಪನಿಂದ. ಇನ್ನೊಂದು?

ತನ್ನ ಮೊಲಕ್ಕೆ ಅವಳು ಹಿಂದುಮುಂದು ನೋಡದೆ ಎರಡೂ ದೊಡ್ಡ ಅಕ್ಷರ ಬರೆದುಬಿಟ್ಟಿದ್ದಳು. ಅಡಗಿರುವುದೆಲ್ಲ ಮಾವನ ಮೊಲದಲ್ಲೇ ಅಂದುಕೊಂಡಿದ್ದಳು.

ಒಂದು B ಹೊಡೆದುಹಾಕಿ b ಬರೆದಳು. "ನನ್ನದೂ ಹಾಗೇ ಮಾವ. ನನ್ನದರೊಳಗೂ ಕಂದು ಇದೆ."

ಈ ಸಲ ಕೊನೆಯ ಮನೆಯಲ್ಲಿ bb ಬಂತು.

"ಸರಿ, ಹೀಗೂ ಆಗಬಹುದು ಅಂತಾಯ್ತು," ಎಂದರು ಮಾವ. "ಹೀಗೇ ಆಯ್ತು ಅಂತ ಆಗ್ಲಿಲ್ಲವಲ್ಲ?"

"ಅದನ್ನ ಈ ಮನೆಗಳು ಹೇಳಲ್ಲ. ನಾನು ಹೇಳ್ತಿದೀನಿ. ನನ್ನ ಮೊಲ ಸೈಕಲ್ ಶಾಪಿನ ಹತ್ರ ಹೋಗೇ ಇಲ್ಲ." ಗುಬ್ಬಿ ಕಣ್ಣು ತಗ್ಗಿಸಲಿಲ್ಲ.

ಹೊಡೆದುಹಾಕಿದ ಆ ದೊಡ್ಡ ಅಕ್ಷರವನ್ನು ಮಾವ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೈ ಕೊಡವಿಕೊಂಡು ಬುಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು.

"ಈ ಕಪ್ಪು ಮರಿಗಳೊಳಗೆ ಏನಿದೆ?"

"ನೋಡಿದ್ರೆ ಗೊತ್ತಾಗಲ್ಲ. BB ಇರಬಹುದು, Bb ಇರಬಹುದು."

"ಕಂದಿನೊಳಗೆ?"

"bb. ಅದರಲ್ಲಿ ಅಡಗಿರೋದು ಏನೂ ಇಲ್ಲ."

"ಹಂಗಾದ್ರೆ ನಂಗೆ ಇದೇ ಇರ್ಲಿ."

ಮಾವ ಕಂದು ಮರಿಯನ್ನು ಎದೆಗಾನಿಸಿಕೊಂಡು ಎದ್ದರು. ಗುಬ್ಬಿ ಕಾದಳು. ಸುಳ್ಳು ಅಂದದ್ದು ತಪ್ಪಾಯ್ತು ಅಂತ ಈಗ ಹೇಳಬಹುದು. ಇನ್ನೇನು ಹೇಳಬಹುದು.

ಮಾವ ಆಗಲೇ ಗಂಡು ಮೊಲದ ಗೂಡಿನ ಮುಂದೆ ನಿಂತಿದ್ದರು. ಮರಿಯನ್ನು ಜಾಲರಿಯ ಹತ್ತಿರ ಹಿಡಿದು, "ಏಯ್ ಕರಿಯ, ಏಳೋ! ನಿನ್ನ ಮಗಳು ಬಂದಿದಾಳೆ ನೋಡು," ಅನ್ನುತ್ತಿದ್ದರು.

ಗುಬ್ಬಿ ಬುಟ್ಟಿ ಎತ್ತಿಕೊಂಡಳು. ‘ನಿನ್ನ ಮಗಳು’ ಅಂದಮೇಲೆ ಆ ‘ಸುಳ್ಳು’ ವಾಪಸ್ ಆದಂತೆಯೇ, ಇನ್ನು ಕಾಯುವುದೇನೂ ಇಲ್ಲ ಎಂದು ಅವಳಿಗೆ ಗೊತ್ತಾಯಿತು.