ಹೊಸ ಊಟ ಮಾಡ್ತೇನೆ, ಅಕ್ಕ

"ಅವನು ನನ್ನ ಹತ್ರವೂ ಕೇಳ್ಬೇಕಾ ಅಜ್ಜಿ?" ಬಾಳೆಲೆ ಒರೆಸುತ್ತಿದ್ದ ಪ್ರೀತಿಕಾ ಕೈ ನಿಲ್ಲಿಸಿ ಕೇಳಿದಳು.

"ಮತ್ತೆ? ನೀನು ಅವನಿಗಿಂತ ದೊಡ್ಡವಳಲ್ವಾ?" ಎಂದರು ಹರಿಣಾಕ್ಷಿ ಅಜ್ಜಿ.

ಕಾಣಿಯೂರಿನ ಅವರ ಮನೆಯಲ್ಲಿ ಅಂದು ಹೊಸ ಅಕ್ಕಿ ಊಟ. ದೇವರ ಮುಂದೆ ಹೊಸ ಭತ್ತದ ತೆನೆ ಇಟ್ಟು, ಬಾಗಿಲಿಗೂ ಕಟ್ಟಿ ಆಗಿತ್ತು. ಇನ್ನು ಊಟವೇ. ಆದರೆ ಎಲೆಗೆ ಅನ್ನ ಬಿದ್ದ ಕೂಡಲೇ ಬಾಯಿಗೆ ಹಾಕುವಂತಿಲ್ಲ. ತನಗಿಂತ ದೊಡ್ಡವರನ್ನು ಒಬ್ಬೊಬ್ಬರಾಗಿ "ಹೊಸ ಊಟ ಮಾಡ್ತೇನೆ" ಎಂದು ಕೇಳಬೇಕು. ಅವರು "ಮಾಡು" ಎನ್ನಬೇಕು. ಮನೆಗೆ ಚಿಕ್ಕವಳಾದ ಪ್ರೀತಿಕಾ ಇಷ್ಟು ವರ್ಷ ಎಲ್ಲರನ್ನೂ ಕೇಳಿದ್ದೇ ಕೇಳಿದ್ದು. ಅವಳನ್ನು ಕೇಳುವವರು ಯಾರೂ ಇರಲಿಲ್ಲ.

ಈ ಸಲ ಇದ್ದರು. ಮೋಕ್ಷಿತ್ ಮತ್ತು ಅವನ ತಂಗಿ ಅನಘಾ.

ಪ್ರೀತಿಕಾಳಿಗೆ ಬೇಕಿದ್ದದ್ದು ಒಂದು ಪುಟ್ಟ ಪಾಪು. ಪ್ರತಿ ವರ್ಷ ತೆನೆ ಕಟ್ಟುವಾಗ ಅಮ್ಮ ಕಣ್ಣು ಮುಚ್ಚಿ ಬೇಡುತ್ತಿದ್ದದ್ದೂ ಅದನ್ನೇ. ಪಾಪು ಬರಲಿಲ್ಲ. ಕೊನೆಗೆ ಅಪ್ಪ ಅಮ್ಮ ದತ್ತು ತೆಗೆದುಕೊಳ್ಳುವುದೆಂದು ಹೆಸರು ಕೊಟ್ಟು ಬಂದರು. ಕಾದು ಕಾದು ಸಾಕಾದ ಮೇಲೆ ಒಂದು ಫೋನ್ ಬಂತು. ದೂರದ ಊರಿನಲ್ಲಿ ಅಣ್ಣ ತಂಗಿ ಇದ್ದಾರೆ, ಅವರನ್ನು ಬೇರೆ ಬೇರೆ ಮಾಡಿ ಕೊಡುವುದಿಲ್ಲ ಎಂದರು.

ಅಪ್ಪ ತಲೆ ಕೆರೆದುಕೊಂಡರು. ಅಮ್ಮ ದೇವರ ಕೋಣೆಯಲ್ಲಿ ದೀಪ ಹಚ್ಚಿ ಕೂತವರು ತುಂಬ ಹೊತ್ತು ಏಳಲಿಲ್ಲ. ಎದ್ದು ಬಂದು, "ನಾವು ಒಂದು ಕೇಳಿದ್ದು. ದೇವರು ಎರಡು ಕೊಡುವಾಗ ಒಂದು ಸಾಕು ಹೇಳ್ಲಿಕ್ಕೆ ನನಗೆ ಬಾಯಿ ಬರುದಿಲ್ಲ," ಎಂದರು.

ಹಾಗೆ ಬಂದವನು ಮುಂದಿನ ಹಲ್ಲು ಬಿದ್ದ ಮೋಕ್ಷಿತ್. ಅಮ್ಮನನ್ನು ಆಂಟಿ ಎನ್ನುತ್ತಿದ್ದ. ಊಟಕ್ಕೆ ಪ್ರೀತಿಕಾ ಕೂರುತ್ತಿದ್ದ ಅಜ್ಜಿಯ ಪಕ್ಕದ ಜಾಗ ಅವನ ಪಾಲಾಯಿತು. ಇನ್ನೊಂದು ವಿಚಿತ್ರವೂ ಇತ್ತು. ಎಲ್ಲರಂತೆ ಚಪ್ಪಲಿಯನ್ನು ಮೆಟ್ಟಿಲ ಹತ್ತಿರ ಬಿಡದೆ, ತನ್ನದನ್ನೂ ತಂಗಿಯದನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬ್ಯಾಗಿನೊಳಗೆ ಇಡುತ್ತಿದ್ದ. 'ಎಂತ, ನಾವು ಕದಿಯುದಾ?' ಎಂದು ಪ್ರೀತಿಕಾಳಿಗೆ ಮೈಯೆಲ್ಲ ಉರಿದಿತ್ತು.

ಸಿಟ್ಟು ಬಂದಾಗ ಅವಳ ತಲೆ ಬಹಳ ಚುರುಕು. ಅವನು ಬಂದು ಕೇಳಲಿ, ನಾನು ತುಟಿ ಬಿಚ್ಚುವುದೇ ಇಲ್ಲ ಎಂದು ತೀರ್ಮಾನ ಮಾಡಿದಳು.

ಸಾಲಾಗಿ ಎಲೆ ಹಾಕಿ, ಬಿಸಿ ಅನ್ನ ಬಡಿಸಿ ಆಯಿತು. ಮೋಕ್ಷಿತ್ ತಂಗಿಯ ಕೈ ಹಿಡಿದುಕೊಂಡು ಅಜ್ಜಿಯನ್ನು ಕೇಳಿದ. ಅಪ್ಪನನ್ನು, ಅಮ್ಮನನ್ನು ಕೇಳಿದ. ಎಲ್ಲರೂ "ಮಾಡು ಮಗಾ" ಎಂದರು. ಕೊನೆಗೆ ಪ್ರೀತಿಕಾಳ ಮುಂದೆ ಬಂದು ನಿಂತ.

"ಹೊಸ ಊಟ ಮಾಡ್ತೇನೆ, ಅಕ್ಕ."

ಪ್ರೀತಿಕಾ ಉಪ್ಪಿನಕಾಯಿಯನ್ನೇ ನೋಡುತ್ತಾ ಕೂತಳು. ಅವನು ಮತ್ತೊಮ್ಮೆ ಕೇಳಿದ. ಅವಳಿಗೆ ನಿದ್ದೆ ಬಂತಾ ಎಂದು ಅಪ್ಪ ತಮಾಷೆ ಮಾಡಿದರು. ಅವಳು ಜಪ್ಪಯ್ಯ ಅನ್ನಲಿಲ್ಲ.

ಮೋಕ್ಷಿತ್ ಬ್ಯಾಗ್ ಇಟ್ಟಿದ್ದ ಕೋಣೆಯ ಕಡೆ ಒಮ್ಮೆ ತಿರುಗಿ ನೋಡಿದ. ಆಮೇಲೆ ಅವಳಿಗೊಬ್ಬಳಿಗೇ ಕೇಳುವಂತೆ ಹೇಳಿದ: "ನನಗೆ ಹೇಳದಿದ್ರೂ ಪರವಾಗಿಲ್ಲ ಅಕ್ಕ. ತಂಗಿಗೆ ಮಾತ್ರ ಮಾಡು ಅಂತ ಹೇಳು. ಅವಳನ್ನು ಇಲ್ಲೇ ಇಟ್ಕೊಳ್ಳಿ."

ಪ್ರೀತಿಕಾ ತಲೆ ಎತ್ತಿದಳು. ಬ್ಯಾಗಿನಲ್ಲಿ ಚಪ್ಪಲಿ ಯಾಕೆ ಇರುತ್ತದೆಂದು ಅವಳಿಗೆ ಆಗ ಗೊತ್ತಾಯಿತು: ಯಾವಾಗ ವಾಪಸ್ ಕಳಿಸಿದರೂ ಹೊರಡಲು ಅವನು ತಯಾರಾಗಿದ್ದ. ಅವಳಿಗೆ ತನ್ನ ಮೇಲೆಯೇ ನಾಚಿಕೆ ಆಯಿತು.

"ಮಾಡು," ಎಂದಳು. ಅನಘಾಳ ಕಡೆಗೂ ತಿರುಗಿ ಹೇಳಿದಳು: "ಇಬ್ಬರೂ ಮಾಡಿ."

ಮೋಕ್ಷಿತ್ ಮೊದಲ ತುತ್ತನ್ನು ತಂಗಿಯ ಬಾಯಿಗೆ ಇಟ್ಟ. ಆಮೇಲೆ ತಾನು ತಿಂದ.

ಕೈ ತೊಳೆಯುವಾಗ ಅವನು ಪ್ರೀತಿಕಾಳ ಪಕ್ಕ ನಿಂತು, ಮುಂದಿನ ವರ್ಷವೂ ಹೀಗೆ ಕೇಳಬೇಕಾ ಎಂದ.

"ಪ್ರತಿ ವರ್ಷ ಕೇಳ್ಬೇಕು ಮಾರಾಯ. ನೀನು ಅಜ್ಜ ಆದ್ರೂ ನಾನು ನಿನಗಿಂತ ದೊಡ್ಡವಳೇ ಅಲ್ವಾ?"

ಅವನು ಒಳಗೆ ಓಡಿ, ಬ್ಯಾಗಿನಿಂದ ಎರಡು ಜೊತೆ ಚಪ್ಪಲಿ ತಂದು ಮೆಟ್ಟಿಲ ಹತ್ತಿರ ನಿಂತ. ಪ್ರೀತಿಕಾ ಕಾಲಿನಿಂದ ತನ್ನ ಚಪ್ಪಲಿಯನ್ನು ಬದಿಗೆ ಸರಿಸಿ ಜಾಗ ಮಾಡಿಕೊಟ್ಟಳು.