ಇಲ್ಲದ ಕಡಲಹಕ್ಕಿ

ಬುಧವಾರ ಬೆಳಿಗ್ಗೆ ಬಂದ ನೀಲಿ ಹಾಳೆಗಳಲ್ಲಿ ವಿನಿ ಗಾರ್ಸೈಡ್‌ಳ ಅಪ್ಪ ಮಲಗಿದ್ದ. ತೀರಿಕೊಂಡು ಎರಡು ವರ್ಷವಾಗಿದ್ದ ಅಪ್ಪ.

ಸ್ಕ್ರಿಪ್ಟಿನಲ್ಲಿ ಏನಾದರೂ ಬದಲಾದರೆ ಆ ಪುಟಗಳು ಬೇರೆ ಬಣ್ಣದ ಕಾಗದದಲ್ಲಿ ಬರುತ್ತವೆ. ಕಳೆದ ವಾರ ಗುಲಾಬಿ ಬಂದಿತ್ತು, ಈಗ ನೀಲಿ. ಅವನ್ನು ಎಲ್ಲರಿಗಿಂತ ಮೊದಲು ಓದುವವಳು ವಿನಿ. ಚಿತ್ರದ ಕಂಟಿನ್ಯುಯಿಟಿ ಅವಳದು. ಯಾವ ಶಾಟಿನಲ್ಲಿ ಯಾರ ಎಡಗೈಯಲ್ಲಿ ಲೋಟವಿತ್ತು, ಯಾರ ತಟ್ಟೆಯಲ್ಲಿ ಎಷ್ಟು ಬಟಾಣಿ ಉಳಿದಿತ್ತು ಎಂದು ಬರೆದಿಡುತ್ತ ಬರೆದಿಡುತ್ತ, ಕೆಲಸವಿಲ್ಲದಾಗಲೂ ಅವಳ ಕಣ್ಣು ಸುಮ್ಮನಿರುತ್ತಿರಲಿಲ್ಲ.

ಇಂಗ್ಲೆಂಡಿನ ಫೈಲಿ ಊರಿನ ಕಡಲಿಗೆ ಮುಖಮಾಡಿ ನಿಂತ ಒಂದು ಹಳೆಯ ಮನೆಯಲ್ಲಿ ಶೂಟಿಂಗು. ಚಿತ್ರದಲ್ಲಿ ಹನ್ನೊಂದು ವರ್ಷದಿಂದ ದಿನಾ ‘ಇವತ್ತೇ ಹೋಗ್ತೀನಿ’ ಎನ್ನುತ್ತ ಮಹಡಿಯಲ್ಲಿ ಮಲಗಿರುವ ಅಪ್ಪ. ಕೆಳಗೆ ಭಾನುವಾರದ ಊಟಕ್ಕೆ ಕೂತು, ಅವನಿಗೆ ಗ್ರೇವಿ ಯಾರು ಕೊಂಡೊಯ್ಯಬೇಕೆಂದು ಕಚ್ಚಾಡುವ ಹೆಂಡತಿ, ಮಕ್ಕಳು. ನಗಬೇಕೋ ಅಳಬೇಕೋ ಗೊತ್ತಾಗದಂಥ ಚಿತ್ರ. ಎಂಟೇ ಜನರ ತಂಡ, ಒಂದೇ ಕ್ಯಾಮೆರಾ.

ನೀಲಿ ಹಾಳೆಯಲ್ಲಿ ಮಗಳು ತಟ್ಟೆ ಹಿಡಿದು ಮಹಡಿ ಹತ್ತುತ್ತಾಳೆ. ಅಪ್ಪ ಅವಳನ್ನು ನರ್ಸ್ ಎಂದುಕೊಳ್ಳುತ್ತಾನೆ.

‘ನನ್ನ ಮಗಳು ಬರಲ್ಲ, ಸಿಸ್ಟರ್. ಅವಳಿಗೆ ಕೆಲಸ ಜಾಸ್ತಿ.’

‘ನಾಳೆ ಬರ್ತಾಳಂತೆ. ಫೋನ್ ಮಾಡಿದ್ಲು.’

‘ಬಂದ್ರೆ ನಾನು ನಿದ್ದೆ ಮಾಡ್ತಿದೀನಿ ಅಂತ ಹೇಳಿಬಿಡಿ.’

ಇದನ್ನೆಲ್ಲ ಎರಡು ವರ್ಷದ ಹಿಂದೆ ಹಲ್ ಊರಿನ ಆಸ್ಪತ್ರೆಯಲ್ಲಿ ವಿನಿಯ ಅಪ್ಪನೇ ಹೇಳಿದ್ದು, ಅವಳು ಕೇಳಿದ್ದು. ‘ನಾನೇ ಕಣಪ್ಪ’ ಎನ್ನಲು ಬಾಯಿ ಬರಲಿಲ್ಲ. ‘ಆಗ್ಲಿ, ಹೇಳ್ತೀನಿ’ ಎಂದು ಹೊದಿಕೆ ಸರಿಮಾಡಿ ಹೊರಗೆ ಬಂದಿದ್ದಳು. ಮರುದಿನ ಅಪ್ಪ ಇರಲಿಲ್ಲ. ಅಮ್ಮನಿಗೆ ಮಾತ್ರ, ಅಪ್ಪ ನನ್ನ ಕೈ ಹಿಡಿದು ಹೆಸರು ಕರೆದ ಎಂದು ಸುಳ್ಳು ಹೇಳಿದ್ದಳು. ಅಮ್ಮ ಆ ಕತೆಯನ್ನು ಈಗಲೂ ಚರ್ಚಿನ ಹೆಂಗಸರ ಮುಂದೆ ಕಣ್ಣೊರೆಸಿಕೊಳ್ಳುತ್ತ ಹೇಳುತ್ತಾಳೆ. ಚಿತ್ರ ಬಂದ ದಿನ ಮಗಳ ಹೆಸರು ಪರದೆಯ ಮೇಲೆ ನೋಡಲು ಅದೇ ಹೆಂಗಸರನ್ನು ಕಟ್ಟಿಕೊಂಡು ಬರುತ್ತಾಳೆ. ಗಂಡನ ಮಾತಿನ ಧಾಟಿ ಬಲ್ಲ ಅವಳಿಗೆ ಆ ಮಾತು ಯಾರದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮಗಳು ಹೇಳಿದ್ದು ಸುಳ್ಳೆಂದು, ಸುತ್ತ ಜನ ಗೊಳ್ಳೆಂದು ನಗುತ್ತಿರುವಾಗ ಅಮ್ಮನಿಗೆ ತಿಳಿಯುತ್ತದೆ.

ಆ ದೃಶ್ಯದ ಶೂಟಿಂಗ್ ಶುಕ್ರವಾರ.

ವಿನಿ ಈ ವಿಷಯ ಬಾಯಿಬಿಟ್ಟದ್ದು ಒಬ್ಬರ ಹತ್ತಿರ ಮಾತ್ರ. ಮಂಗಳವಾರ ಅಡುಗೆಮನೆಯಲ್ಲಿ, ತಾಯಿಯ ಪಾತ್ರ ಮಾಡುವ ಡೊರೀನ್ ಹತ್ತಿರ, ಪಿಸುಮಾತಿನಲ್ಲಿ. ಡೊರೀನ್‌ಗೆ ಅರವತ್ತು ದಾಟಿತ್ತು. ಅವಳು ವಿನಿಯನ್ನು ಎದೆಗವಚಿಕೊಂಡು, ತನ್ನ ಬೆಕ್ಕಿನ ಮೇಲೆ ಆಣೆಯಿಟ್ಟು, ಯಾರಿಗೂ ಹೇಳುವುದಿಲ್ಲ ಎಂದಿದ್ದಳು. ಆ ಎದೆಯ ಮೇಲೆ, ಉಡುಪಿನ ಒಳಗೆ, ಗುಂಡುಸೂಜಿ ತಲೆಯಷ್ಟು ಸಣ್ಣ ಮೈಕು ಇತ್ತೆಂದು ವಿನಿಗೆ ಹೊಳೆದದ್ದು ಈಗ.

ಮೈಕು ಇದ್ದರೆ ಅದರ ಇನ್ನೊಂದು ತುದಿಯಲ್ಲಿ ಎಮ್ರಿಸ್ ಇರುತ್ತಾನೆ.

ಎಮ್ರಿಸ್ ಪ್ರೋಬರ್ಟ್, ವೇಲ್ಸಿನವ, ಸೌಂಡ್ ರೆಕಾರ್ಡಿಸ್ಟ್. ಮೂರು ವಾರದಿಂದ ಅಡುಗೆಮನೆ ಪಕ್ಕದ ಬಟ್ಟೆ ಒಗೆಯುವ ಕೋಣೆಯಲ್ಲಿ ರೆಕಾರ್ಡಿಂಗ್ ಯಂತ್ರ ಹೊತ್ತ ತನ್ನ ತಳ್ಳುಗಾಡಿಯ ಮುಂದೆ ಹೆಡ್‌ಫೋನ್ ಏರಿಸಿಕೊಂಡು ಕೂತಿರುವ ಮನುಷ್ಯ. ವಿನಿ ಬಾಗಿಲು ದಾಟಿದಾಗಲೆಲ್ಲ ತಲೆ ಎತ್ತುತ್ತಿದ್ದ. ಒಮ್ಮೆ ಅವಳ ಹೆಜ್ಜೆ ಕೇಳಿಯೇ, ನೋಡದೆ, ‘ವಿನಿ, ಎಡಗಾಲಿನ ಶೂ ಹಿಮ್ಮಡಿ ಸವೆದಿದೆ’ ಎಂದಿದ್ದ. ಆ ಸಂಜೆ ಅವಳು ಶೂ ತಿರುಗಿಸಿ ನೋಡಿದರೆ, ಹೌದು, ಸವೆದಿತ್ತು. ಅದನ್ನು ನೆನೆದು ಎರಡು ದಿನ ತನ್ನಷ್ಟಕ್ಕೆ ನಕ್ಕಿದ್ದಳು.

ಈಗ ಅದೇ ನೆನಪಿಗೆ ಮೈ ಮುಳ್ಳಾಯಿತು. ನನ್ನ ಕಾಲಿನ ಸದ್ದನ್ನೂ ಬಿಡದವನು ಇನ್ನೇನು ಬಿಟ್ಟಾನು?

ನೀಲಿ ಹಾಳೆ ಕೊಡಲು ಹೋದಾಗ ಅವನು ಓದಿ ಕಿವಿಯವರೆಗೆ ಕೆಂಪಾದ. ಕಣ್ಣೆತ್ತಲಿಲ್ಲ. ವಿನಿಗೆ ಅಷ್ಟೇ ಸಾಕಾಯಿತು.

‘ಹೊಸ ದೃಶ್ಯ ಹೇಗಿದೆ, ಮಿಸ್ಟರ್ ಪ್ರೋಬರ್ಟ್?’

‘ಮೂರು ವಾರ ಎಮ್ರಿಸ್ ಆಗಿದ್ದೆ. ಇವತ್ತೇನು, ಮಿಸ್ಟರ್ ಆಗಿಬಿಟ್ಟೆನಾ?’

‘ಕೇಳಿದ್ದಕ್ಕೆ ಉತ್ತರ ಹೇಳಿ.’

ಅವನು ಹಾಳೆಯನ್ನು ನಾಲ್ಕಾಗಿ ಮಡಚಿದ. ‘ನನಗೆ ನಗು ಬರಲಿಲ್ಲ,’ ಎಂದ.

ಕಳ್ಳನಿಗೂ ಸಂಕೋಚವಿರುತ್ತದೆಯೇನೋ ಎಂದುಕೊಂಡು ವಿನಿ ಅಲ್ಲಿಂದ ಹೊರಟಳು. ಆದರೂ ತಲೆಯಲ್ಲಿ ಹುಳ ಕೊರೆಯುತ್ತಲೇ ಇತ್ತು. ಸ್ಕ್ರಿಪ್ಟನ್ನೂ ತಾನೇ ಬರೆಯುವ ನಿರ್ದೇಶಕಿ ಪೆಟ್ರಾಳಿಗೆ ಅವನು ಹೇಳಿದ್ದಾದರೂ ಯಾವಾಗ? ವಿನಿಯ ನೋಟ್‌ಬುಕ್ಕಿನಲ್ಲಿ ಇಡೀ ಮನೆಯ ಓಡಾಟ ಇತ್ತು, ಆ ಇಬ್ಬರೂ ಒಟ್ಟಿಗೆ ನಿಂತದ್ದು ಇರಲಿಲ್ಲ. ಕಂಡದ್ದನ್ನು ಮಾತ್ರ ಬರೆಯುವವಳಿಗೆ ಬರೀ ಗುಮಾನಿ ಸಾಲದು. ಬಲೆ ಬೀಸಬೇಕು ಎಂದುಕೊಂಡಳು.

ಮಧ್ಯಾಹ್ನ ಎಲ್ಲರೂ ಊಟದ ವ್ಯಾನಿನ ಕಡೆ ಹೋದಾಗ ವಿನಿ ಊಟದ ಮೇಜಿನ ಮೇಲೆ ತೂಗುವ ಮೈಕಿನ ಕೆಳಗೆ ಬಂದು ಕೂತಳು. ಬಾಗಿಲ ಸಂದಿಯಲ್ಲಿ ಎಮ್ರಿಸ್‌ನ ಮೊಣಕೈ ಕಾಣುತ್ತಿತ್ತು. ಅವಳು ಫೋನನ್ನು ಕಿವಿಗಿಟ್ಟು, ಆ ತುದಿಯಲ್ಲಿ ಯಾರೂ ಇಲ್ಲದಿದ್ದರೂ, ತಂಗಿಯ ಜೊತೆ ಮಾತಾಡತೊಡಗಿದಳು. ಮೇಬಲ್ ಅತ್ತೆಯ ಗಂಡ ಸತ್ತಾಗ ಅವನ ಕಟ್ಟಿಸಿದ ಹಲ್ಲನ್ನು ಅತ್ತೆ ಬಿಸಾಡಲಾರದೆ ಸಕ್ಕರೆ ಬಟ್ಟಲಿನಲ್ಲಿ ಹೂತಿಟ್ಟಿದ್ದು, ಆರು ವರ್ಷ ಬಂದವರಿಗೆಲ್ಲ ಅದೇ ಬಟ್ಟಲಿನಿಂದ ಚಹಾಕ್ಕೆ ಸಕ್ಕರೆ ಹಾಕಿಕೊಟ್ಟದ್ದು. ಒಂದಕ್ಷರವೂ ನಿಜವಲ್ಲ. ಇಂಥ ಚಿತ್ರಕ್ಕೆ ಇಂಥ ಕತೆ ಸಿಕ್ಕರೆ ಪೆಟ್ರಾ ಸ್ಕ್ರಿಪ್ಟಿಗೆ ಸೇರಿಸದೆ ಒಂದು ಗಂಟೆಯೂ ಬಿಡುವವಳಲ್ಲ.

ಗುರುವಾರ ಬೆಳಿಗ್ಗೆ ಹಸಿರು ಹಾಳೆ ಬಂತು. ವಿನಿ ನಿಂತಲ್ಲೇ ತಿರುವಿದಳು. ಬಾಗಿಲ ಚಿಲಕದ ಬಗ್ಗೆ ಒಂದು ಜಗಳ ಸೇರಿತ್ತು. ಹಲ್ಲೂ ಇಲ್ಲ, ಸಕ್ಕರೆಯೂ ಇಲ್ಲ.

ಹಾಗಾದರೆ ಅವನು ಕೇಳಿಸಿಕೊಳ್ಳಲೇ ಇಲ್ಲವೇನೋ. ಅಥವಾ ಬಲೆಯ ವಾಸನೆ ಹಿಡಿದನೇನೋ. ಹನ್ನೊಂದು ಗಂಟೆಗೆ ಚಹಾದ ಸಾಲಿನಲ್ಲಿ ಅವನ ಹಿಂದೆ ನಿಂತು ಅವನ ಕತ್ತಿನ ಹಿಂಭಾಗವನ್ನು ಗುರಾಯಿಸುತ್ತಿದ್ದಳು. ಅಲ್ಲಿ ಹೆಡ್‌ಫೋನ್ ಒತ್ತಿ ಕೂದಲು ಒಂದು ಕಡೆ ಮಲಗಿತ್ತು. ಅದು ಮುದ್ದಾಗಿ ಕಂಡದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಚಹಾ ಕೊಡುವಾಕೆ ಎಂದಿನಂತೆ ಅವನ ಲೋಟಕ್ಕೆ ಮೂರು ಚಮಚ ಹಾಕಲು ಕೈ ಚಾಚಿದಳು. ಎಮ್ರಿಸ್ ಲೋಟದ ಬಾಯಿಗೆ ಅಂಗೈ ಮುಚ್ಚಿದ.

‘ಸಕ್ಕರೆ ಬೇಡ.’

‘ಯಾಕಪ್ಪಾ, ಮೈಗೆ ಹುಷಾರಿಲ್ವಾ?’

‘ಯಾಕೋ ಬೇಡ ಅನ್ನಿಸ್ತಿದೆ.’ ಬಟ್ಟಲಿನೊಳಗೆ ಒಮ್ಮೆ ಇಣುಕಿದ, ತಟ್ಟನೆ ಮುಖ ತಿರುಗಿಸಿದ. ಬರೀ ಚಹಾ ಒಂದು ಗುಟುಕು ಕುಡಿದು ಕಷಾಯ ಕುಡಿದವನಂತೆ ಕಣ್ಣು ಕಿವುಚಿದ.

ವಿನಿಗೆ ನಗು ಉಕ್ಕಿ ಬಂತು. ಕೇಳಿಸಿಕೊಂಡಿದ್ದಾನೆ. ನಂಬಿದ್ದಾನೆ. ಆದರೆ ಯಾರಿಗೂ ಹೇಳಿಲ್ಲ.

ಆಗ ಉಳಿದದ್ದು ಬೆಕ್ಕಿನ ಮೇಲೆ ಆಣೆಯಿಟ್ಟವಳು. ಡೊರೀನ್ ಮೇಕಪ್ ಕುರ್ಚಿಯಲ್ಲಿ ಕೂತು ಹುಬ್ಬು ತಿದ್ದಿಸಿಕೊಳ್ಳುತ್ತಿದ್ದಳು. ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ. ಮಂಗಳವಾರ ಸಂಜೆ ಪೆಟ್ರಾಳ ಕಾರಿನಲ್ಲಿ ಹೋಗುವಾಗ ಬಾಯಿಗೆ ಬಂತು, ಯಾರ ಕತೆ ಎಂದು ಮಾತ್ರ ಹೇಳಲಿಲ್ಲ ಎಂದಳು.

‘ಚಿನ್ನ, ಅಷ್ಟು ಚೆಂದದ ಮಾತು ಕಣೇ. ಸುಮ್ನೆ ನಿನ್ನ ಹೊಟ್ಟೇಲಿ ಕೊಳೀತಿತ್ತು.’

‘ಬೆಕ್ಕಿನ ಮೇಲೆ ಆಣೆ ಇಟ್ಟಿದ್ರಿ.’

‘ಅದು ಹೋಗಿ ಆರು ತಿಂಗಳಾಯ್ತು, ಕಂದ,’ ಎಂದಳು ಡೊರೀನ್, ನಿಜವಾದ ದುಃಖದಿಂದ.

ಶುಕ್ರವಾರ ಬೆಳಿಗ್ಗೆ ವಿನಿ ಬಟ್ಟೆ ಒಗೆಯುವ ಕೋಣೆಯ ಬಾಗಿಲಲ್ಲಿ ನಿಂತಳು. ಎಮ್ರಿಸ್ ಹೆಡ್‌ಫೋನ್ ತೆಗೆದ.

‘ಸಕ್ಕರೆ ಹಾಕ್ಕೋ. ಹಲ್ಲಿನ ಕತೆ ಸುಳ್ಳು.’

ಅವನು ಅವಳನ್ನೇ ನೋಡಿದ. ಮೊದಲು ಹಣೆ ಕೆಂಪಾಯಿತು, ಆಮೇಲೆ ಕೆನ್ನೆ. ‘ಪೂರ್ತಿ ಸುಳ್ಳಾ? ಎರಡು ದಿನ ನಾನು ಪಟ್ಟ ಪಾಡು...’ ಎಂದವನು ಅಲ್ಲಿಗೇ ನಿಲ್ಲಿಸಿದ. ಅವಳು ನಗುತ್ತಿಲ್ಲವೆಂದು ಕಂಡಿತು.

‘ಎಲ್ಲರ ಮಾತೂ ಹೀಗೇ ಕೇಳ್ತೀಯಾ?’

ಇಲ್ಲ ಎಂದ. ಶಾಟ್ ಮುಗಿದು ಯಾರಾದರೂ ಸ್ವಂತ ಮಾತಿಗಿಳಿದರೆ ಗುಂಡಿ ತಿರುಗಿಸಿ ಸದ್ದು ಇಳಿಸಿಬಿಡುತ್ತಾನಂತೆ. ಡೊರೀನ್ ತನ್ನ ಮಂಡಿನೋವಿನ ಬಗ್ಗೆ ಹೇಳುವುದನ್ನು ಇವತ್ತಿನವರೆಗೆ ಒಮ್ಮೆಯೂ ಕೇಳಿಲ್ಲವಂತೆ.

‘ನನ್ನ ಮಾತಿಗೆ?’

‘ನಿನ್ನದಕ್ಕೆ ಕೈ ಗುಂಡಿಯ ಮೇಲೇ ಇರುತ್ತೆ, ವಿನಿ. ತಿರುಗಲ್ಲ.’ ಅವನು ತಲೆ ತಗ್ಗಿಸಿದ. ‘ನೀನು ಇಡೀ ದಿನ ಮಾತಾಡೋದು ಬಟಾಣಿ ಎಷ್ಟು, ಲೋಟ ಯಾವ ಕೈ ಅಂತ. ಮಂಗಳವಾರ ಮೊದಲ ಸಲ ಬೇರೆ ದನಿ ಕೇಳಿಸ್ತು. ಕೇಳಬಾರದಿತ್ತು. ಕೇಳಿದೆ.’

ಬೇರೆ ದಿನವಾಗಿದ್ದರೆ ಆ ಮಾತನ್ನು ವಿನಿ ಜೇಬಿನಲ್ಲಿ ಜೋಪಾನವಾಗಿಟ್ಟುಕೊಂಡು ಮನೆಗೆ ಒಯ್ಯುತ್ತಿದ್ದಳು. ಇವತ್ತು ಅವಳಿಗೆ ಬೆತ್ತಲೆ ನಿಂತಂತಾಯಿತು. ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡವನಿಗೂ ಹೇಳಿ ಹಂಚಿದವಳಿಗೂ ಎಷ್ಟು ಅಂತರ ಎಂದು ಅಳೆಯಲು ಮನಸ್ಸು ಒಪ್ಪಲಿಲ್ಲ.

‘ಪೆಟ್ರಾಗೆ ಹೇಳು, ಆ ದೃಶ್ಯ ತೆಗೆದುಹಾಕ್ತಾಳೆ,’ ಎಂದ ಅವನು.

‘ಯಾಕೆ ತೆಗೀಬೇಕು ಅಂತ ಕೇಳ್ತಾಳೆ. ಆಗ ಹೇಳಬೇಕಲ್ಲ.’

‘ನಾನೇನು ಮಾಡ್ಲಿ?’

‘ಏನೂ ಮಾಡ್ಬೇಡ. ಮಾಡಿದ್ದೇ ಸಾಕು.’

ಹತ್ತೂವರೆಗೆ ಮಹಡಿಯ ಕೋಣೆಯಲ್ಲಿ ಲೈಟು ಹೊತ್ತಿತು. ಅಪ್ಪನ ಪಾತ್ರದ ಮುದುಕ ಸಿರಿಲ್ ಹಾಸಿಗೆಯಲ್ಲಿ ದಿಂಬಿಗೊರಗಿದ್ದ. ಎಮ್ರಿಸ್ ಒಂದು ಮೂಲೆ ಹಿಡಿದ. ಎದುರು ಮೂಲೆಯಲ್ಲಿ ವಿನಿ ಸ್ಟಾಪ್‌ವಾಚು, ನೋಟ್‌ಬುಕ್ಕು ಹಿಡಿದು ಸ್ಟೂಲಿನ ಮೇಲೆ ಕೂತಳು. ಮಾತು ತಪ್ಪುತ್ತದೋ ನೋಡಲು ಅವಳಿಗೂ ಒಂದು ಹೆಡ್‌ಫೋನ್ ಇತ್ತು. ಎಮ್ರಿಸ್‌ಗೆ ಕೇಳುವುದೆಲ್ಲ ಅವಳಿಗೂ ಕೇಳುತ್ತಿತ್ತು, ಬೇರೆ ಯಾರಿಗೂ ಇಲ್ಲ.

ಸಿರಿಲ್ ‘ಬಂದ್ರೆ ನಾನು’ ಎನ್ನುವಷ್ಟರಲ್ಲಿ ಎಮ್ರಿಸ್ ಕೈ ಎತ್ತಿದ.

‘ಕಡಲಹಕ್ಕಿ,’ ಎಂದ. ಬೇಡದ ಸದ್ದು ಸೇರಿದರೆ ಶಾಟ್ ನಿಲ್ಲಿಸಿ ಮತ್ತೆ ಮೊದಲಿನಿಂದ ತೆಗೆಸುವುದು ಸೌಂಡಿನವನ ಹಕ್ಕು.

ವಿನಿ ಬರೆದುಕೊಂಡಳು. ಟೇಕ್ ಒಂದು, ಕಡಲಹಕ್ಕಿ. ಬರೆದಾದ ಮೇಲೆ ಪೆನ್ನು ನಿಂತಿತು. ಅವಳಿಗೆ ಕೇಳಿಸಿರಲಿಲ್ಲ.

ಎರಡನೆಯದಕ್ಕೆ ವಿಮಾನ ಎಂದ. ಮೂರನೆಯದಕ್ಕೆ ಕೆಳಗಿನ ಫ್ರಿಜ್ಜಿನ ಗುಂಯ್‌ಗುಡುವಿಕೆ ಎಂದ. ಆ ಫ್ರಿಜ್ಜಿನ ಪ್ಲಗ್ಗನ್ನು ಬೆಳಿಗ್ಗೆ ಎಳೆದದ್ದು ವಿನಿಗೆ ಗೊತ್ತಿತ್ತು. ಇವನು ಏನು ಆಟ ಹೂಡಿದ್ದಾನೆ? ನನ್ನ ಅಪ್ಪನ ಮಾತನ್ನು ಮೂರು ಸಲ ಹೇಳಿಸಿ ನನ್ನ ಮುಖ ನೋಡುತ್ತಿದ್ದಾನೆಯೇ? ಅವಳು ಅವನತ್ತ ಕಣ್ಣು ಹಾಯಿಸಿದಳು. ಅವನು ನೋಡುತ್ತಿರಲಿಲ್ಲ. ಎತ್ತಿದ ಕೈಯನ್ನು ಇಳಿಸುವುದನ್ನೇ ಮರೆತಿದ್ದ. ಸುಳ್ಳು ಹೇಳಿ ಅಭ್ಯಾಸವಿಲ್ಲದವನ ಕೈ.

ಆಗ ಅರ್ಥವಾಯಿತು. ಪ್ರತಿ ಸಲವೂ ಕೈ ಏಳುತ್ತಿದ್ದದ್ದು ಒಂದೇ ಜಾಗದಲ್ಲಿ. ‘ನಿದ್ದೆ ಮಾಡ್ತಿದೀನಿ’ ಎಂಬ ಮಾತು ಇವತ್ತು ಇನ್ನೂ ಒಮ್ಮೆಯೂ ಸಿರಿಲ್‌ನ ಬಾಯಿ ದಾಟಿರಲಿಲ್ಲ.

ನಾಲ್ಕನೆಯದು ಸಿರಿಲ್‌ನ ಹೊಟ್ಟೆಯ ಗುರುಗುರು. ತನ್ನ ಹೊಟ್ಟೆ ನಲವತ್ತು ವರ್ಷ ರಂಗದ ಮೇಲಿದೆ, ಯಾವತ್ತೂ ನಡುವೆ ಬಾಯಿ ಹಾಕಿಲ್ಲ ಎಂದು ಮುದುಕ ಮುನಿಸಿಕೊಂಡ. ಐದನೆಯದು ಚರ್ಚಿನ ಗಂಟೆ. ಆರನೆಯದು ಮತ್ತೆ ಕಡಲಹಕ್ಕಿ. ಕಿಟಕಿಯ ಬೆಳಕು ಹಾಸಿಗೆ ಬಿಟ್ಟು ಗೋಡೆಗೆ ಸರಿದಿತ್ತು.

ಪೆಟ್ರಾ ಎದ್ದು ನಿಂತಳು. ಕಡಿಮೆ ಮಾತಿನ ಹೆಂಗಸು, ಸಿಟ್ಟು ಬಂದರೆ ದನಿ ಇನ್ನೂ ಇಳಿಯುತ್ತಿತ್ತು. ಎಮ್ರಿಸ್‌ನನ್ನು ಬಿಟ್ಟು ವಿನಿಯ ಕಡೆ ತಿರುಗಿದಳು.

‘ನಿನ್ನ ಕಿವಿಗೂ ಹೆಡ್‌ಫೋನ್ ಇದೆ. ನಿನಗೆ ಕೇಳಿಸ್ತಾ?’

ಹೂಂ ಎಂದರೆ ಮುಗಿಯುತ್ತಿತ್ತು. ಅವಳ ನೋಟ್‌ಬುಕ್ಕನ್ನು ಈ ಮನೆಯಲ್ಲಿ ಯಾರೂ ಸಂಶಯಿಸುತ್ತಿರಲಿಲ್ಲ. ಎಮ್ರಿಸ್ ಕೊನೆಗೂ ತಲೆ ಎತ್ತಿ ನೋಡಿದ. ಆ ಕಣ್ಣಲ್ಲಿ ಬೇಡಿಕೆಯೇನೂ ಇರಲಿಲ್ಲ. ಇಲ್ಲ ಎಂದರೂ ಸರಿಯೇ ಎಂಬಂತೆ ಹೆಡ್‌ಫೋನನ್ನು ಕತ್ತಿಗೆ ಇಳಿಸಿಕೊಂಡಿದ್ದ. ನಾಳೆಯಿಂದ ಇವನ ಕಿವಿಯನ್ನು ಯಾರು ನಂಬುತ್ತಾರೆ ಎಂದು ವಿನಿಗೆ ಅನ್ನಿಸಿತು. ಹಾಸಿಗೆಯಲ್ಲಿ ಮುದುಕ ಬಾಯಿ ತೆರೆದು ಕಾಯುತ್ತಿದ್ದ.

‘ಹಕ್ಕಿ ಇರಲಿಲ್ಲ,’ ಎಂದಳು ವಿನಿ. ‘ವಿಮಾನಾನೂ ಇರಲಿಲ್ಲ. ಅವನು ನನಗೋಸ್ಕರ ಸುಳ್ಳು ಹೇಳ್ತಿದಾನೆ.’ ಅವಳು ನೋಟ್‌ಬುಕ್ಕು ಮುಚ್ಚಿದಳು. ‘ಇದು ನನ್ನಪ್ಪನ ಮಾತು, ಪೆಟ್ರಾ. ಆ ನರ್ಸ್ ನಾನೇ. ಮಗಳೂ ನಾನೇ. ಅಮ್ಮನಿಗೆ ಇನ್ನೂ ಗೊತ್ತಿಲ್ಲ. ಅವಳಿಗೆ ನಾನು ಹೇಳ್ಬೇಕು, ಸಿನಿಮಾ ಹೇಳ್ಬಾರದು.’

ಬಾಗಿಲಲ್ಲಿ ನಿಂತಿದ್ದ ಡೊರೀನ್ ತಿದ್ದಿದ ಹುಬ್ಬನ್ನು ಉಜ್ಜಿಕೊಂಡಳು. ಪೆಟ್ರಾ ಪೆನ್ನು ತೆಗೆದು ನೀಲಿ ಹಾಳೆಯ ಮೇಲೆ ಮೂಲೆಯಿಂದ ಮೂಲೆಗೆ ಗೀರೆಳೆದಳು. ಆಮೇಲೆ ಎಮ್ರಿಸ್‌ನ ಕಡೆ ತಿರುಗಿದಳು.

‘ಆರು ಟೇಕು. ಸಿರಿಲ್ ಹೊಟ್ಟೆನೂ ಸುಳ್ಳಾ?’

‘ಅದು ನಿಜ,’ ಎಂದ ಎಮ್ರಿಸ್.

‘ನನಗೂ ಕೇಳಿಸ್ತು,’ ಎಂದಳು ವಿನಿ.

ಊಟಕ್ಕೆ ಬಿಡುವ ಮೊದಲು ಒಂದು ಕೆಲಸ ಬಾಕಿಯಿತ್ತು. ಬಿಟ್ಟುಹೋಗುವ ಪ್ರತಿ ಕೋಣೆಯ ನಿಶ್ಶಬ್ದವನ್ನೂ ಸೌಂಡಿನವರು ಮೂವತ್ತು ಸೆಕೆಂಡು ಹಿಡಿದಿಟ್ಟುಕೊಳ್ಳುತ್ತಾರೆ. ಆಗ ಇದ್ದವರು ಇದ್ದ ಹಾಗೇ, ಅಲುಗಾಡದೆ ನಿಲ್ಲಬೇಕು. ಎಮ್ರಿಸ್ ಮೆಲ್ಲಗೆ ‘ಎಲ್ಲರೂ ಸುಮ್ಮನೆ’ ಎಂದು ಹೆಡ್‌ಫೋನ್ ಏರಿಸಿಕೊಂಡ. ವಿನಿಯೂ ತನ್ನದನ್ನು ಏರಿಸಿಕೊಂಡು ಸ್ಟಾಪ್‌ವಾಚಿನ ಗುಂಡಿಯೊತ್ತಿದಳು.

ಕಿವಿಯಲ್ಲಿ ಕೋಣೆ ತುಂಬಿಕೊಂಡಿತು. ದೂರದ ಕಡಲು, ಮರದ ನೆಲದ ಸಣ್ಣ ನಿಟ್ಟುಸಿರು, ಯಾರದೋ ಉಸಿರು. ಎಲ್ಲರೂ ಗೊಂಬೆಗಳಂತೆ ಇದ್ದಲ್ಲೇ ಇದ್ದರು. ಎಮ್ರಿಸ್ ಎದುರು ಮೂಲೆಯಿಂದ ಅವಳನ್ನು ನೋಡುತ್ತಿದ್ದ. ಈ ಸಲ ಕಣ್ಣು ತೆಗೆಯಲಿಲ್ಲ. ಅವಳೂ ತೆಗೆಯಲಿಲ್ಲ. ಈ ನೋಟದಲ್ಲಿ ಕದಿಯುವುದಕ್ಕೆ ಏನೂ ಉಳಿದಿರಲಿಲ್ಲ. ಅವನ ತುಟಿಯ ಬಲತುದಿ ಒಂದು ಕೂದಲೆಳೆಯಷ್ಟು ಮೇಲೇರಿತು. ಅವಳ ಕೆನ್ನೆ ಬಿಸಿಯಾಯಿತು.

ಅವಳು ಸ್ಟಾಪ್‌ವಾಚಿನ ಕಡೆ ನೋಡಿದಳು. ನಲವತ್ತೊಂದು ಸೆಕೆಂಡು ದಾಟಿತ್ತು.

ಆಯಿತೇ ಎಂದು ಕೇಳುವಂತೆ ಪೆಟ್ರಾ ಹುಬ್ಬೇರಿಸಿ ಇವಳ ಕಡೆ ನೋಡಿದಳು. ವಿನಿ ಗಡಿಯಾರದ ಮುಖವನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಇನ್ನೂ ಆಗಿಲ್ಲ ಎಂಬಂತೆ ತಲೆಯಾಡಿಸಿದಳು.